ಬಾಡಿಗೆ ಟ್ರೇಲರ್ ಕಟ್ಟಿಕೊಂಡು ಕೊಲೊರಾಡೋ ಘಟ್ಟಗಳನ್ನು ಇಳಿದದ್ದು

ಜೂನ್ ತಿಂಗಳ ಕೊನೆಯ ವಾರದಲ್ಲಿ ಡೆನ್ವರ್ ನಗರದ ಹೊರವಲಯದ ಒಂದು ಬಾಡಿಗೆ ಅಂಗಡಿಯಿಂದ 24 ಅಡಿ ಉದ್ದದ ಟ್ರಾವೆಲ್ ಟ್ರೇಲರ್ ಒಂದನ್ನು, ಅಂದರೆ ಚಕ್ರಗಳ ಮೇಲಿನ ಪುಟ್ಟ ಮನೆಯೊಂದನ್ನು, ಆರು ದಿನಗಳ ಮಟ್ಟಿಗೆ ಪಡೆದು, ಅದನ್ನು ನಮ್ಮ ಪಿಕಪ್‌ನ ಬೆನ್ನಿಗೆ ಕಟ್ಟಿಕೊಂಡು, ಮನೆಯ ನಾಲ್ವರೂ ರಾಕಿ ಪರ್ವತಗಳೊಳಗೆ ಸುಮಾರು 650 ಮೈಲಿಗಳ ಒಂದು ಸುತ್ತು ಹಾಕಿ ಬಂದೆವು. ಇದು ಆ ಟ್ರೇಲರ್‌ನ, ಅದರೊಡನೆ ಕೊಟ್ಟ ಕೊಂಡಿಯ ಮತ್ತು ಅಂಗಡಿಯ ಸೇವೆಯ ವಿಮರ್ಶೆ. ಅಂಗಡಿಯ ಹೆಸರನ್ನಾಗಲಿ ಟ್ರೇಲರ್ ತಯಾರಕರ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ನಾನು ಕಂಡದ್ದು ಅವರ ಒಂದೇ ಗಾಡಿಯನ್ನು, ಅದೂ ಒಂದೇ ವಾರ. ಒಳಗಿನ ಸೋಫಾ, ಟಿವಿ, ಬಣ್ಣದ ದೀಪಗಳನ್ನು ವರ್ಣಿಸುವ ವಿಮರ್ಶೆಗಳು ಬೇಕಾದಷ್ಟಿವೆ. ಬೆಟ್ಟದ ದಾರಿಯಲ್ಲಿ ಟ್ರೇಲರ್‌ನ ಗುಣ ತಿಳಿಯುವುದು ಅದು ಇಳಿಜಾರಿನಲ್ಲಿ ಹಿಂದಿನಿಂದ ಹೇಗೆ ತಳ್ಳುತ್ತದೆ ಎಂಬುದರಿಂದ. ಆದ್ದರಿಂದ ಈ ಬರಹದ ಹೆಚ್ಚಿನ ಪಾಲು ತೂಕಕ್ಕೆ, ಕೊಂಡಿಗೆ ಮತ್ತು ಬ್ರೇಕುಗಳಿಗೆ ಹೋಗಿದೆ.

ನಮ್ಮ ದಾರಿ ಹೀಗಿತ್ತು: ಡೆನ್ವರ್‌ನಿಂದ ಐ-70 ಹೆದ್ದಾರಿ ಹಿಡಿದು ಐಸೆನ್‌ಹೋವರ್ ಸುರಂಗ, ವೇಲ್ ಪಾಸ್, ಗ್ಲೆನ್‌ವುಡ್ ಕಣಿವೆಗಳನ್ನು ದಾಟಿ ಗ್ರ್ಯಾಂಡ್ ಜಂಕ್ಷನ್, ಅಲ್ಲಿಂದ ದಕ್ಷಿಣಕ್ಕೆ ಮಾಂಟ್ರೋಸ್ ಮತ್ತು ರಿಜ್‌ವೇ, ಹಿಂದಿರುಗುವಾಗ ಯುಎಸ್-50 ರಸ್ತೆಯಲ್ಲಿ ಬ್ಲೂ ಮೇಸಾ ಜಲಾಶಯ, ಗನ್ನಿಸನ್, ಮೊನಾರ್ಕ್ ಪಾಸ್, ಕೊನೆಗೆ ಯುಎಸ್-285ರ ಮೂಲಕ ಮನೆ. ಪಿಕಪ್ ಫೋರ್ಡ್ ಎಫ್-150, 3.5 ಲೀಟರ್‌ನ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಇಕೋಬೂಸ್ಟ್ ಎಂಜಿನ್ನಿನದು. ಟರ್ಬೊ ಇಲ್ಲದ ಎಂಜಿನ್ನು ಪ್ರತಿ ಸಾವಿರ ಅಡಿ ಏರಿದಂತೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ; ಅಂದರೆ 11,000 ಅಡಿಯ ಎತ್ತರದಲ್ಲಿ ಮೂರನೆಯ ಒಂದು ಪಾಲು ಇಲ್ಲವೆಂದೇ ಲೆಕ್ಕ. ಟರ್ಬೊ ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುವುದರಿಂದ, ಏರುವ ವಿಷಯದಲ್ಲಿ ನಮಗೆ ಈ ಪ್ರವಾಸದುದ್ದಕ್ಕೂ ಹೇಳಿಕೊಳ್ಳುವಂಥ ತೊಂದರೆ ಬರಲಿಲ್ಲ. ಏರುವುದರ ಬಗ್ಗೆ ಇಷ್ಟು ಸಾಕು.

ಅಂಗಡಿಯವರು ಗಾಡಿಯನ್ನು ಒಪ್ಪಿಸಲು ತೆಗೆದುಕೊಂಡ ಸಮಯ 20 ನಿಮಿಷ. ಅದರಲ್ಲಿ 15 ನಿಮಿಷಗಳನ್ನು ಹೊರಚಾಚುವ ಮೇಲ್ಛಾವಣಿಯನ್ನು ಬಿಡಿಸುವುದು ಹೇಗೆ, ನೀರು ಕಾಯಿಸುವ ಗುಂಡಿ ಎಲ್ಲಿದೆ, ಶೌಚದ ತೊಟ್ಟಿಯ ಕೊಳವೆ ಜೋಡಿಸುವುದು ಹೇಗೆ ಎಂಬ ವಿವರಣೆ ನುಂಗಿತು. ಅವೆಲ್ಲವೂ ಬೇಕಾದವೇ, ಹೇಳಿದ ಯುವಕನೂ ಸೌಜನ್ಯದಿಂದ ಹೇಳಿದ. ಆದರೆ ಕೊಂಡಿಯ ವಿಷಯ ಬಂದಾಗ ಅವನು ಸರಪಳಿಗಳನ್ನು ಸಿಕ್ಕಿಸಿ, ಟ್ರೇಲರ್‌ನ ದೀಪ, ಬ್ರೇಕುಗಳಿಗೆ ವಿದ್ಯುತ್ ಒಯ್ಯುವ ಏಳು ಪಿನ್ನುಗಳ ಪ್ಲಗ್ ಚುಚ್ಚಿ, ದೀಪಗಳು ಉರಿಯುವುದನ್ನು ನೋಡಿ, ಬಾನೆಟ್ ಮೇಲೆ ತಟ್ಟಿ ‘ಹೊರಡಿ’ ಎಂದುಬಿಟ್ಟ. ಎರಡು ಸರಪಳಿಗಳು ಕೊಂಡಿಯ ಕೆಳಗೆ ಒಂದನ್ನೊಂದು ಅಡ್ಡ ಹಾಯ್ದಿರಬೇಕು, ಆಗ ಕೊಂಡಿಯ ಉಕ್ಕಿನ ಗುಂಡಿನಿಂದ ಟ್ರೇಲರ್‌ನ ಮೂತಿ ಕಳಚಿದರೂ ಅದು ನೆಲಕ್ಕೆ ಬಡಿಯದೆ ಆ ತೊಟ್ಟಿಲಿನಲ್ಲಿ ನಿಲ್ಲುತ್ತದೆ. ಅವನು ನೇರವಾಗಿ ಸಿಕ್ಕಿಸಿದ್ದನ್ನು ನಾನೇ ಬಿಚ್ಚಿ ಅಡ್ಡ ಹಾಕಿದೆ. ಟ್ರೇಲರ್ ಪೂರ್ತಿ ಕಳಚಿಹೋದಾಗ ಪಿನ್ನು ಕಿತ್ತುಬಂದು ಅದರ ಸ್ವಂತ ಬ್ಯಾಟರಿಯಿಂದಲೇ ಬ್ರೇಕು ಹಿಡಿಯುವಂತೆ ಮಾಡುವ ತೆಳು ಕೇಬಲ್ಲನ್ನು ಅವನು ಕೊಂಡಿಯ ಕಬ್ಬಿಣಕ್ಕೇ ಸುತ್ತಿದ್ದ. ಕೊಂಡಿಯೇ ಕಳಚಿಬಂದರೆ ಆ ಕೇಬಲ್ಲೂ ಅದರೊಡನೆ ಬರುತ್ತದೆ, ಪಿನ್ನು ಕೀಳುವುದೇ ಇಲ್ಲ. ಅದನ್ನು ಪಿಕಪ್‌ನ ಚೌಕಟ್ಟಿಗೆ ಬದಲಾಯಿಸಿದೆ.

ಟೈರುಗಳನ್ನೂ ನೋಡಿದೆ. ಪ್ರತಿ ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳ ನಂತರ ಬರುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಮೂರು ಟೈರುಗಳು ಹೊಸವು. ನಾಲ್ಕನೆಯದರಲ್ಲಿ 3216 ಎಂದಿತ್ತು, ಅಂದರೆ 2016ನೆಯ ಇಸವಿಯ 32ನೆಯ ವಾರ. ಅದರ ಪಟ್ಟೆಗಳು ಸವೆದಿರಲಿಲ್ಲ. ಟ್ರೇಲರ್ ಟೈರುಗಳು ಸವೆಯುವುದಕ್ಕಿಂತ ಮೊದಲೇ ಬಿಸಿಲಿನಲ್ಲಿ ನಿಂತು ಹಳತಾಗುತ್ತವೆ, ಮೇಲೆ ಚೆನ್ನಾಗಿಯೇ ಕಾಣುತ್ತವೆ. ಬದಲಾಯಿಸಿ ಕೊಡಿ ಎಂದು ಕೇಳಿದಾಗ ಒಂದಿಷ್ಟು ಮುಖ ಗಂಟಿಕ್ಕಿದರೂ ಅರ್ಧ ಗಂಟೆಯಲ್ಲಿ ಬದಲಾಯಿಸಿ ಕೊಟ್ಟರು. ಕೇಳದಿದ್ದರೆ ಅದೇ ಟೈರಿನಲ್ಲಿ ಗ್ರ್ಯಾಂಡ್ ಜಂಕ್ಷನ್‌ನ ಜೂನ್ ಬಿಸಿಲಿಗೆ ಹೋಗುತ್ತಿದ್ದೆವು. ಹೊಸದಾಗಿ ಕೂರಿಸಿದ ಚಕ್ರದ ನಟ್ಟುಗಳನ್ನು ಐವತ್ತು ಮೈಲಿ ಓಡಿಸಿದ ಮೇಲೆ ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ಬಿಗಿಮಾಡಬೇಕೆಂಬುದನ್ನೂ ಅವರು ಹೇಳಲಿಲ್ಲ, ಸ್ಪ್ಯಾನರನ್ನೂ ಕೊಡಲಿಲ್ಲ. ಅದು ನನ್ನಲ್ಲೇ ಇತ್ತು.

ಮೊದಲ ದಿನ ಸಂಜೆ ಮನೆಗೆ ತರುವಾಗ, ಗಂಟೆಗೆ 60 ಮೈಲಿ ವೇಗದಲ್ಲಿ, ಉದ್ದದ ಲಾರಿಯೊಂದು ಎಡಗಡೆಯಿಂದ ಹಾದುಹೋಯಿತು. ಅದರ ಗಾಳಿ ಮೊದಲು ಟ್ರೇಲರ್‌ನ ಹಿಂಭಾಗವನ್ನು ಆಚೆಗೆ ದೂಡಿತು, ಅನಂತರ ತನ್ನತ್ತ ಎಳೆದುಕೊಂಡಿತು. ಅಲ್ಲಿಗೆ ಮುಗಿಯಬೇಕಿದ್ದ ಅಲುಗಾಟ ಮುಗಿಯಲಿಲ್ಲ. ಬಾಲ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಬೀಸತೊಡಗಿತು, ಪ್ರತಿ ಸಲವೂ ಹಿಂದಿನದಕ್ಕಿಂತ ತುಸು ಹೆಚ್ಚಾಗಿ, ಮತ್ತು ಪಿಕಪ್‌ನ ಬೆನ್ನು ಆ ಬೀಸಿಗೆ ತಕ್ಕಂತೆ ನನ್ನ ಸೀಟಿನ ಕೆಳಗೇ ತಿರುಚುತ್ತಿರುವ ಹಾಗೆನಿಸಿತು. ಇಂಥ ಹೊತ್ತಿನಲ್ಲಿ ಕಾಲಿನ ಬ್ರೇಕನ್ನು ಒತ್ತುವುದು ಸಹಜ ಪ್ರವೃತ್ತಿ, ಅದೇ ದೊಡ್ಡ ತಪ್ಪು. ಮುಂದಿನ ಗಾಡಿ ನಿಧಾನವಾದರೆ ಹಿಂದಿನದು ಅದನ್ನು ತಳ್ಳಿ ಮಡಚಿಬಿಡುತ್ತದೆ. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಡ್ಯಾಶ್‌ಬೋರ್ಡಿನ ಬ್ರೇಕ್ ಕಂಟ್ರೋಲರಿನ ಸಣ್ಣ ಲಿವರನ್ನು ಬೆರಳಿನಿಂದ ಅದುಮಿದೆ. ಅದು ಟ್ರೇಲರ್‌ನ ಬ್ರೇಕುಗಳನ್ನು ಮಾತ್ರ ಹಿಡಿಯುತ್ತದೆ, ಹಿಂದಿನದು ಹಿಂದಕ್ಕೆ ಜಗ್ಗಿ ದಾರ ಬಿಗಿಯಾದಂತೆ ಎಲ್ಲವೂ ನೇರವಾಗುತ್ತದೆ. ನೇರವಾಯಿತು. ನನ್ನ ಹೆಂಡತಿ ಏನೂ ಹೇಳಲಿಲ್ಲ, ಆ ಮೌನವನ್ನು ನಾನು ಸರಿಯಾಗಿಯೇ ಅರ್ಥಮಾಡಿಕೊಂಡೆ. ಮರುದಿನ ಬೆಳಿಗ್ಗೆ ಬೆಟ್ಟ ಹತ್ತುವ ಮೊದಲು ತೂಕದ ಸೇತುವೆಗೆ ಹೋದೆವು.

ಅಮೆರಿಕದ ಹೆದ್ದಾರಿಗಳ ಲಾರಿ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಸೇತುವೆಗಳಿವೆ. ಅವು ಲಾರಿಗಳಿಗಾಗಿ ಇದ್ದರೂ ಯಾರು ಬೇಕಾದರೂ ಅಲ್ಪ ಶುಲ್ಕ ಕೊಟ್ಟು ತೂಗಿಸಿಕೊಳ್ಳಬಹುದು. ಈ ಪ್ರವಾಸದಲ್ಲಿ ನಾನು ಖರ್ಚು ಮಾಡಿದ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ. ಮೊದಲು ಟ್ರೇಲರ್ ಸಹಿತ, ಕೊಂಡಿಯ ಸ್ಪ್ರಿಂಗ್ ಪಟ್ಟಿಗಳನ್ನು ಬಿಚ್ಚಿ ತೂಗಿದೆವು. ಆಮೇಲೆ ಟ್ರೇಲರನ್ನು ಪಕ್ಕದಲ್ಲಿ ನಿಲ್ಲಿಸಿ ಪಿಕಪ್ ಒಂದನ್ನೇ ತೂಗಿದೆವು. ಎರಡರ ಒಟ್ಟು ಮೊತ್ತಗಳ ವ್ಯತ್ಯಾಸವೇ ಟ್ರೇಲರ್‌ನ ತೂಕ. ಪಿಕಪ್‌ನ ಎರಡು ಅಚ್ಚುಗಳ ಮೇಲೆ ಟ್ರೇಲರ್ ಇದ್ದಾಗ ಹೆಚ್ಚಿದ ತೂಕವೇ ಕೊಂಡಿಯ ಮೇಲೆ ಕೂತ ಭಾರ. ನಮ್ಮ ಟ್ರೇಲರ್ 6,120 ಪೌಂಡ್ ತೂಗಿತು, ಕೊಂಡಿಯ ಮೇಲೆ 540. ಅಂದರೆ ನೂರಕ್ಕೆ ಒಂಬತ್ತರಷ್ಟೂ ಇಲ್ಲ. ಅದು ಹತ್ತರಿಂದ ಹದಿನೈದರ ನಡುವೆ ಇರಬೇಕು.

ಎತ್ತಿನ ಗಾಡಿಗೆ ಹುಲ್ಲು ಹೇರಿದ ಮನೆಗಳವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ, ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಹೇರುವವನು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ ಒಂದು ಕಟ್ಟು ಹಿಂದಕ್ಕೋ ಮುಂದಕ್ಕೋ ಸರಿಸುತ್ತಾನೆ. ಟ್ರೇಲರ್‌ಗೂ ಬೇಕಾದದ್ದು ಇದೇ ಮೂಕಿಭಾರದ, ಅಂದರೆ ಕೊಂಡಿಯ ಮೇಲೆ ಕೂರುವ ಭಾರದ, ಅಂದಾಜು. ವ್ಯತ್ಯಾಸವೆಂದರೆ ಎತ್ತುಗಳು ನಡೆಯುವ ವೇಗದಲ್ಲಿ ಹಿಂಭಾರದ ಗಾಡಿ ಬಾಲ ಬೀಸುವುದಿಲ್ಲ, 60 ಮೈಲಿ ವೇಗದಲ್ಲಿ ಬೀಸುತ್ತದೆ. ನಮ್ಮಲ್ಲಿ ಹಿಂಭಾರವಾಗಲು ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಕುಡಿಯುವ ನೀರಿನ 40 ಗ್ಯಾಲನ್‌ನ ತೊಟ್ಟಿ ಅಚ್ಚುಗಳ ಹಿಂದೆ ಇತ್ತು, ಅಂಗಡಿಯವರು ಅದನ್ನು ಉದಾರವಾಗಿ ತುಂಬಿಸಿ ಕೊಟ್ಟಿದ್ದರು, ಮತ್ತು ಒಂದು ಗ್ಯಾಲನ್ ನೀರು ಎಂಟು ಪೌಂಡಿಗಿಂತ ತುಸು ಹೆಚ್ಚೇ ತೂಗುತ್ತದೆ. ನಾವೂ ಅಕ್ಕಿ, ಬೇಳೆ, ಕುಕ್ಕರ್, ತಂಪುಪೆಟ್ಟಿಗೆಗಳನ್ನು ಹಿಂಬದಿಯ ಖಾನೆಯಲ್ಲೇ ತುರುಕಿದ್ದೆವು. ಎಂಟು ಗ್ಯಾಲನ್ ಉಳಿಸಿಕೊಂಡು ಮಿಕ್ಕ ನೀರನ್ನು ಚರಂಡಿಗೆ ಬಿಟ್ಟು, ಸಾಮಾನುಗಳನ್ನು ಮುಂದಿನ ಖಾನೆಗೆ ಸಾಗಿಸಿ ಮತ್ತೆ ತೂಗಿದಾಗ ಟ್ರೇಲರ್ 5,850 ಪೌಂಡ್‌ಗೆ ಇಳಿದಿತ್ತು, ಮೂಕಿಭಾರ 730ಕ್ಕೆ ಏರಿತ್ತು. ನೂರಕ್ಕೆ ಹನ್ನೆರಡೂವರೆ. ಆ ಬೆಳಿಗ್ಗೆಯ ನಂತರ ಮನೆ ಸೇರುವವರೆಗೆ ಟ್ರೇಲರ್ ಒಮ್ಮೆಯೂ ಬಾಲ ಬೀಸಲಿಲ್ಲ.

ಇಲ್ಲೇ ಇನ್ನೊಂದು ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಟ್ರೇಲರ್ ಬಾಡಿಗೆಗೆ ಪಡೆಯುವ ನಮ್ಮವರಲ್ಲಿ ಹೆಚ್ಚಿನವರು ಇದನ್ನು ಮಾಡುವುದಿಲ್ಲ, ಅಂಗಡಿಯವರು ಕೇಳುವುದೂ ಇಲ್ಲ. ನಮ್ಮ ಪಿಕಪ್ 11,000 ಪೌಂಡಿಗಿಂತ ಹೆಚ್ಚು ಎಳೆಯಬಲ್ಲದೆಂದು ಅದರ ಕಾಗದಪತ್ರಗಳು ಹೇಳುತ್ತವೆ, ಅಂಗಡಿಯವರು ನೋಡಿದ್ದೂ ಅದನ್ನೇ. ಆದರೆ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಹಳದಿ ಪಟ್ಟಿಯ ಚೀಟಿ ಬೇರೆಯೇ ಮಾತಾಡುತ್ತದೆ: ಜನ ಮತ್ತು ಸಾಮಾನು ಸೇರಿ 1,640 ಪೌಂಡ್ ಮೀರಬಾರದು. ಮೂಕಿಭಾರ 730, ಕೊಂಡಿಯ ಕಬ್ಬಿಣ 90, ನಾವು ನಾಲ್ವರು 560, ಪಿಕಪ್‌ನ ತೊಟ್ಟಿಯಲ್ಲಿದ್ದ ಸೌದೆ, ಕುರ್ಚಿ, ಉಪಕರಣಗಳು 200, ಒಟ್ಟು 1,580. ಎಳೆಯುವ ಮಿತಿಯ ಅರ್ಧದಷ್ಟು ತೂಕದ ಟ್ರೇಲರ್ ಕಟ್ಟಿದಾಗಲೇ ಹೊರುವ ಮಿತಿಗೆ ಅರವತ್ತು ಪೌಂಡ್ ಮಾತ್ರ ಬಾಕಿ ಉಳಿದಿತ್ತು. ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾಗುವ ಅಂಕಿಗೂ ಬಾಗಿಲಿನ ಸಂದಿಯಲ್ಲಿ ಅಡಗಿರುವ ಅಂಕಿಗೂ ಇರುವ ಈ ಅಂತರದಲ್ಲೇ ಬೆಟ್ಟದ ದಾರಿಯ ಬಹಳಷ್ಟು ಅನಾಹುತಗಳು ಹುಟ್ಟುತ್ತವೆಂದು ನನ್ನ ಅಭಿಪ್ರಾಯ. ಬ್ರೋಷರಿನಲ್ಲಿ ಬರೆದ ಟ್ರೇಲರ್‌ನ ‘ಒಣ ತೂಕ’ವನ್ನೂ ನಂಬಬಾರದು. ನಮ್ಮದರ ಒಣ ತೂಕ 4,800 ಪೌಂಡ್. ಅನಿಲದ ಸಿಲಿಂಡರು, ಬ್ಯಾಟರಿ, ಹಾಸಿಗೆ, ಪಾತ್ರೆಗಳಿಲ್ಲದ ಆ ತೂಕದಲ್ಲಿ ಯಾರೂ ಪ್ರವಾಸ ಹೋಗುವುದಿಲ್ಲ.

ಕೊಂಡಿಯ ವಿಷಯಕ್ಕೆ ಬರುತ್ತೇನೆ. ಅಂಗಡಿಯವರು ಕೊಟ್ಟದ್ದು ಭಾರ ಹಂಚುವ ಬಗೆಯದು. ಗುಂಡಿನ ಎರಡೂ ಪಕ್ಕಗಳಿಂದ ಹೊರಟ ಉಕ್ಕಿನ ಸ್ಪ್ರಿಂಗ್ ಪಟ್ಟಿಗಳು ಟ್ರೇಲರ್‌ನ ಮೂತಿಯ ಚೌಕಟ್ಟಿಗೆ ಬಿಗಿದುಕೊಳ್ಳುತ್ತವೆ. ಮೂಕಿಭಾರವೆಲ್ಲ ಪಿಕಪ್‌ನ ಬಾಲದ ತುದಿಯಲ್ಲಿ ಕೂತಾಗ ಹಿಂಭಾಗ ಕುಸಿದು ಮುಂಭಾಗ ಏಳುತ್ತದೆ, ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗು ನೀರಿನ ಮೇಲೆ ತೇಲಿದಂತಾಗುತ್ತದೆ. ಸ್ಪ್ರಿಂಗ್ ಪಟ್ಟಿಗಳು ಸನ್ನೆಕೋಲಿನಂತೆ ಮೀಟಿ ಆ ಭಾರದ ಒಂದು ಪಾಲನ್ನು ಮುಂದಿನ ಅಚ್ಚಿಗೂ, ಇನ್ನೊಂದು ಪಾಲನ್ನು ಟ್ರೇಲರ್‌ನ ಅಚ್ಚುಗಳಿಗೂ ರವಾನಿಸುತ್ತವೆ. ಸಾಧನ ಒಳ್ಳೆಯದೇ, ಕಟ್ಟಿದ ರೀತಿ ಸರಿಯಿರಲಿಲ್ಲ. ಮುಂದಿನ ಚಕ್ರದ ಕಮಾನು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಟ್ರೇಲರ್ ಇಲ್ಲದೆ, ಪಟ್ಟಿ ಬಿಗಿಯದೆ ಮತ್ತು ಪಟ್ಟಿ ಬಿಗಿದ ಮೇಲೆ ಹೀಗೆ ಮೂರು ಸಲ ಅಳೆಯಬೇಕು. ನಮ್ಮ ಅಳತೆಯಲ್ಲಿ ಟ್ರೇಲರ್ ಕೂತಾಗ ಮುಂಭಾಗ ಒಂದು ಅಂಗುಲ ಏಳುತ್ತಿತ್ತು, ಅಂಗಡಿಯವರು ಬಿಗಿದ ಪಟ್ಟಿಗಳಿಂದ ಅದು ಕಾಲಂಗುಲವೂ ಇಳಿಯುತ್ತಿರಲಿಲ್ಲ. ಗುಂಡನ್ನು ಒಂದು ತೂತು ಕೆಳಗಿಳಿಸಿ, ತಲೆಯನ್ನು ಒಂದು ವಾಷರಿನಷ್ಟು ಹಿಂದಕ್ಕೆ ಬಾಗಿಸಿ, ಪಟ್ಟಿಯ ಆಸರೆಗಳನ್ನು ಒಂದು ಹಂತ ಏರಿಸಿದ ಮೇಲೆ ಮುಂಭಾಗ ಅರ್ಧ ಅಂಗುಲಕ್ಕಿಂತ ಹೆಚ್ಚು ಇಳಿಯಿತು, ಟ್ರೇಲರೂ ನೆಲಕ್ಕೆ ಸಮಾನಾಂತರವಾಗಿ ನಿಂತಿತು. ಈ ಕೆಲಸಕ್ಕೆ ಲಾರಿ ನಿಲ್ದಾಣದ ಮೂಲೆಯಲ್ಲಿ ಒಂದೂವರೆ ಗಂಟೆ ಹಿಡಿಯಿತು. ನೂರಾರು ಡಾಲರು ಬಾಡಿಗೆ ತೆಗೆದುಕೊಳ್ಳುವ ಅಂಗಡಿ ಗ್ರಾಹಕನ ವಾಹನಕ್ಕೆ ತಕ್ಕಂತೆ ಕೊಂಡಿಯನ್ನು ಹೊಂದಿಸಿ ಕೊಡದಿರುವುದನ್ನು ಈ ವಿಮರ್ಶೆಯ ಮುಖ್ಯ ದೂರಾಗಿ ದಾಖಲಿಸುತ್ತೇನೆ.

ಬ್ರೇಕ್ ಕಂಟ್ರೋಲರ್ ಪಿಕಪ್‌ನಲ್ಲೇ ಅಳವಡಿಸಿ ಬಂದದ್ದು. ಅದರ ಬಲವನ್ನು ಪ್ರತಿ ಟ್ರೇಲರ್‌ಗೂ ಹೊಸದಾಗಿ ಹೊಂದಿಸಬೇಕು: ಸಮತಟ್ಟಾದ ಖಾಲಿ ಜಾಗದಲ್ಲಿ 20-25 ಮೈಲಿ ವೇಗದಲ್ಲಿ ಹೋಗುತ್ತ ಕಂಟ್ರೋಲರಿನ ಲಿವರನ್ನು ಪೂರ್ತಿ ಅದುಮಿ, ಟ್ರೇಲರ್‌ನ ಚಕ್ರಗಳು ಕಚ್ಚಿಕೊಂಡು ಜಾರುವ ಮಟ್ಟದವರೆಗೆ ಬಲವನ್ನು ಏರಿಸುತ್ತ ಹೋಗಿ, ಅಲ್ಲಿಂದ ಒಂದು ಹಂತ ಇಳಿಸಬೇಕು. ನಮ್ಮದು 5.5ರಲ್ಲಿ ಕಚ್ಚಿಕೊಂಡಿತು, 5ಕ್ಕೆ ನಿಲ್ಲಿಸಿದೆ. ಹತ್ತು ನಿಮಿಷಗಳ ಕೆಲಸ.

ಡೆನ್ವರ್‌ನಿಂದ ಸುಮಾರು 60 ಮೈಲಿ ಏರಿದ ಮೇಲೆ ಐಸೆನ್‌ಹೋವರ್ ಸುರಂಗ ಸಿಗುತ್ತದೆ. ಪಶ್ಚಿಮಕ್ಕೆ ಹೋಗುವ ಕೊಳವೆ 1973ರಲ್ಲಿಯೂ, ಜಾನ್ಸನ್ ಹೆಸರಿನ ಪೂರ್ವಮುಖದ ಕೊಳವೆ 1979ರಲ್ಲಿಯೂ ತೆರೆದವು, ಉದ್ದ 1.7 ಮೈಲಿ, ಪಶ್ಚಿಮದ ಬಾಯಿ 11,158 ಅಡಿಯ ಎತ್ತರದಲ್ಲಿದೆ. ಖಂಡವನ್ನು ಎರಡಾಗಿ ಸೀಳುವ ಜಲವಿಭಾಜಕದ ಅಡಿಯಲ್ಲೇ ಅದು ಹಾದುಹೋಗುತ್ತದೆ. ಒಳಗೆ ಹೋಗುವಾಗ ಅಟ್ಲಾಂಟಿಕ್‌ನ ಕಡೆ, ಹೊರಗೆ ಬಂದಾಗ ಪೆಸಿಫಿಕ್‌ನ ಕಡೆ. ಆದರೆ ಹೊರಗೆ ಬಂದ ಕೂಡಲೇ ಭೂಗೋಳದ ಪಾಠಕ್ಕೆ ಸಮಯವಿರುವುದಿಲ್ಲ. ಸಿಲ್ವರ್‌ಥಾರ್ನ್ ಊರಿನವರೆಗೆ ಸುಮಾರು ಎಂಟು ಮೈಲಿಗಳ ಇಳಿಜಾರು, ಏಳು ಪ್ರತಿಶತದವರೆಗಿನ ಇಳುಕಲು, ಎರಡು ಸಾವಿರ ಅಡಿಗೂ ಮಿಕ್ಕ ಇಳಿತ. ಬ್ರೇಕು ಕೆಟ್ಟ ಲಾರಿಗಳು ಓಡಿ ಏರಿ ಜಲ್ಲಿಯಲ್ಲಿ ಹೂತು ನಿಲ್ಲಲೆಂದು ಎರಡು ಕಡೆ ಬಲಗಡೆಗೆ ಏರುದಾರಿಗಳನ್ನು ಕಟ್ಟಿದ್ದಾರೆ. ಅವು ಅಲಂಕಾರಕ್ಕಿಲ್ಲ, ಚಕ್ರದ ಗುರುತುಗಳು ಅವುಗಳ ಜಲ್ಲಿಯಲ್ಲಿ ಆಳವಾಗಿ ಮೂಡಿದ್ದನ್ನು ನೋಡಿದೆವು.

ಚಾರ್ಮಾಡಿ, ಶಿರಾಡಿಗಳಲ್ಲಿ ಲಾರಿ ಓಡಿಸುವವರು ಹೇಳುವ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಯಾವ ಗೇರಿನಲ್ಲಿ ಏರುತ್ತೀಯೋ ಅದೇ ಗೇರಿನಲ್ಲಿ ಇಳಿ. ಸುರಂಗದೊಳಗೇ ವೇಗವನ್ನು 45 ಮೈಲಿಗೆ ತಂದು, ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಗುಂಡಿ ಒತ್ತಿ, ಗೇರನ್ನು ಕೈಯಿಂದ ಇಳಿಸಿದೆ. ಎಂಜಿನ್ನು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತುಗಳಲ್ಲಿ ಅರಚತೊಡಗಿದಾಗ ಹಿಂದಿನ ಸೀಟಿನಿಂದ ಮಗಳು ಗಾಡಿ ಕೆಟ್ಟಿತೇ ಎಂದು ಕೇಳಿದಳು. ಆ ಅರಚಾಟವೇ ನಮ್ಮನ್ನು ಹಿಡಿದು ನಿಲ್ಲಿಸಿದ್ದು. ಇಂಧನವಿಲ್ಲದೆ ಸುತ್ತುವ ಎಂಜಿನ್ನು ಪಂಪಿನಂತೆ ಗಾಳಿಯನ್ನು ಎಳೆದು ಒತ್ತುತ್ತ ಇಳಿತದ ಬಲವನ್ನು ತಿನ್ನುತ್ತದೆ, ಬ್ರೇಕುಗಳು ತಣ್ಣಗಿರುತ್ತವೆ. ವೇಗ 50 ದಾಟಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ 40ಕ್ಕೆ ಇಳಿಸಿ ಪೂರ್ತಿ ಬಿಟ್ಟುಬಿಡುವುದು, ಮತ್ತೆ 50ಕ್ಕೆ ಬಂದಾಗ ಮತ್ತೆ ಹಾಗೆಯೇ. ಎಂಟು ಮೈಲಿಗಳಲ್ಲಿ ಐದು ಸಲ ಮಾತ್ರ ಬ್ರೇಕು ಬೇಕಾಯಿತು. ಬ್ರೇಕಿನ ಮೇಲೆ ಹಗುರಾಗಿ ಕಾಲಿಟ್ಟುಕೊಂಡೇ ಇಳಿಯುವವರ ಗಾಡಿಗಳಿಂದ ಬರುವ ಸುಟ್ಟ ವಾಸನೆ ನಮ್ಮ ಕಿಟಕಿಯವರೆಗೂ ಬರುತ್ತಿತ್ತು. ಸಿಲ್ವರ್‌ಥಾರ್ನ್‌ನಲ್ಲಿ ನಿಲ್ಲಿಸಿ ಚಕ್ರಗಳ ಬಳಿ ಅಂಗೈ ಹಿಡಿದು ನೋಡಿದೆ: ಪಿಕಪ್‌ನವೂ ಟ್ರೇಲರ್‌ನವೂ ಬೆಚ್ಚಗಿದ್ದವು, ನಾಲ್ಕೂ ಟ್ರೇಲರ್ ಚಕ್ರಗಳು ಒಂದೇ ಸಮ. ಟ್ರೇಲರ್‌ನ ಬ್ರೇಕುಗಳಿಗೆ ನಾನು ಪೂರ್ಣ ಅಂಕ ಕೊಡುವುದು ಈ ಕಾರಣಕ್ಕೆ. ಯಾವುದಾದರೂ ಒಂದು ಚಕ್ರ ತಣ್ಣಗಿದ್ದಿದ್ದರೆ ಅದು ಕೆಲಸ ಮಾಡುತ್ತಿಲ್ಲವೆಂದೂ, ಒಂದೇ ಸುಡುತ್ತಿದ್ದರೆ ಕಚ್ಚಿಕೊಂಡಿದೆಯೆಂದೂ ತಿಳಿಯಬೇಕಿತ್ತು.

10,662 ಅಡಿಯ ವೇಲ್ ಪಾಸ್ ಮೇಲಿನಿಂದ ಇಳಿಯುವಾಗಲೂ ಇದೇ ಕ್ರಮ. ಅದರಾಚೆ 1992ರಲ್ಲಿ ಮುಗಿದ ಗ್ಲೆನ್‌ವುಡ್ ಕಣಿವೆಯ 12.5 ಮೈಲಿ ರಸ್ತೆ, ಕೊಲೊರಾಡೋ ನದಿಯ ಪಕ್ಕದಲ್ಲಿ ಒಂದರ ಮೇಲೊಂದು ಮಹಡಿಯಂತೆ ಕಟ್ಟಿದ ಹಾದಿ, ಅತ್ಯಂತ ಸುಂದರವಾದದ್ದು. ಚಾಲಕನಿಗೆ ಮಾತ್ರ ಅದನ್ನು ನೋಡುವ ಪುಣ್ಯವಿಲ್ಲ. ಗ್ರ್ಯಾಂಡ್ ಜಂಕ್ಷನ್‌ವರೆಗಿನ ಬಯಲಿನಲ್ಲಿ ಅಡ್ಡಗಾಳಿ ಬೀಸುತ್ತಿದ್ದುದರಿಂದ 55 ಮೈಲಿ ದಾಟಲಿಲ್ಲ. ಟ್ರೇಲರಿಲ್ಲದೆ ಗ್ಯಾಲನ್‌ಗೆ 19 ಮೈಲಿ ಕೊಡುವ ಗಾಡಿ ಆ ದಿನ ಒಂಬತ್ತು ಕೊಟ್ಟಿತು. ಇಂಧನದ ವೆಚ್ಚವನ್ನು ಎರಡರಷ್ಟೆಂದು ಮೊದಲೇ ಹಿಡಿದುಕೊಂಡರೆ ಬೇಸರವಾಗುವುದಿಲ್ಲ.

ರಿಜ್‌ವೇ ಸ್ಟೇಟ್ ಪಾರ್ಕಿನ ಪಾ-ಕೊ-ಚು-ಪುಕ್ ಶಿಬಿರದಲ್ಲಿ, ಅಣೆಕಟ್ಟಿನ ಕೆಳಗೆ, ವಿದ್ಯುತ್ತು, ನೀರು, ಚರಂಡಿ ಮೂರೂ ಇರುವ ತಾಣದಲ್ಲಿ ಮೂರು ರಾತ್ರಿ ಇದ್ದೆವು. ಮನೆಯಾಗಿ ಟ್ರೇಲರ್ ಹೇಗಿತ್ತೆಂಬುದನ್ನು ಇಲ್ಲಿ ಹೇಳಬಹುದು. ಹಿಂಬದಿಯ ಎರಡಂತಸ್ತಿನ ಹಾಸಿಗೆಗಳು ಮಕ್ಕಳಿಗೆ ಹೇಳಿ ಮಾಡಿಸಿದಂತಿದ್ದವು. ಮುಂದಿನ ದೊಡ್ಡ ಹಾಸಿಗೆಯಿಂದ ರಾತ್ರಿ ಇಳಿಯುವವರು ಪಕ್ಕದವರನ್ನು ದಾಟಿಯೇ ಇಳಿಯಬೇಕು. ಬೆಚ್ಚಗಿಡುವ ಒಲೆ ಸದ್ದು ಮಾಡಿದರೂ ಕೆಲಸ ಮಾಡಿತು, ಜೂನಿನಲ್ಲೂ ಅದು ಬೇಕಾಯಿತು. ಸ್ನಾನಗೃಹದಲ್ಲಿ ಒಬ್ಬರು ನಿಂತರೆ ಅವರ ಮೊಣಕೈಗಳು ನಿಲ್ಲಲು ಜಾಗವಿಲ್ಲ.

ಅಡುಗೆಮನೆಯ ಬಗ್ಗೆ ನಮ್ಮವರಿಗೆ ವಿಶೇಷವಾಗಿ ತಿಳಿಸಬೇಕಾದದ್ದಿದೆ. ಏಳು ಸಾವಿರ ಅಡಿಗೆ ಸಮೀಪದ ಆ ಎತ್ತರದಲ್ಲಿ ನೀರು 93 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರ್ ಒಯ್ಯಲೇಬೇಕು, ಮನೆಯಲ್ಲಿ ಮೂರು ಸೀಟಿ ಹಾಕಿಸುವವರು ಇಲ್ಲಿ ಐದು ಹಾಕಿಸಬೇಕು. ಡೆನ್ವರ್‌ನ ಅಂಗಡಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣಗಳು ಸುರಂಗದ ಎತ್ತರದಲ್ಲಿ ದಿಂಬಿನಂತೆ ಉಬ್ಬಿದ್ದವು, ಒಂದು ಒಡೆದೂ ಹೋಗಿತ್ತು. ಒಗ್ಗರಣೆ ಹಾಕಿದ ಮೊದಲ ಕ್ಷಣದಲ್ಲೇ ಹೊಗೆಯ ಎಚ್ಚರಿಕೆ ಗಂಟೆ ಅರಚಿ ಪಕ್ಕದ ತಾಣದವರು ಓಡಿ ಬಂದರು. ಸಾಸಿವೆ, ಒಣಮೆಣಸಿನ ವಾಸನೆ ಹೀರುವಷ್ಟು ಶಕ್ತಿ ಒಲೆಯ ಮೇಲಿನ ಪುಟ್ಟ ಫ್ಯಾನಿಗಿಲ್ಲ. ಮರುದಿನದಿಂದ ಒಗ್ಗರಣೆಯನ್ನು ಹೊರಗಿನ ಮೇಜಿನ ಮೇಲೆ ಸಣ್ಣ ಗ್ಯಾಸ್ ಒಲೆಯಲ್ಲಿ ಹಾಕಿದೆವು, ಓಡಿ ಬಂದವರೇ ಆಮೇಲೆ ಸಾರು ಕೇಳಿ ಕುಡಿದರು. ಪಾತ್ರೆ ತೊಳೆದ ನೀರಿನ ತೊಟ್ಟಿ ನಮ್ಮ ಬಳಕೆಗೆ ಚಿಕ್ಕದು, ಚರಂಡಿ ಇಲ್ಲದ ತಾಣವಾಗಿದ್ದರೆ ಎರಡನೆಯ ದಿನವೇ ತುಂಬುತ್ತಿತ್ತು.

ರಿಜ್‌ವೇಯ ದಕ್ಷಿಣಕ್ಕಿರುವ ಔರೇ ಊರಿನಿಂದ ಸಿಲ್ವರ್‌ಟನ್‌ಗೆ ಹೋಗುವ ಯುಎಸ್-550ರ ಭಾಗವನ್ನು ಮಿಲಿಯನ್ ಡಾಲರ್ ಹೈವೇ ಎನ್ನುತ್ತಾರೆ. ಅಲ್ಲಿಗೆ ಟ್ರೇಲರನ್ನು ಒಯ್ಯಲಿಲ್ಲ. ಒಯ್ಯುವವರಿದ್ದಾರೆ, ಕಾನೂನಿನ ಅಡ್ಡಿಯೂ ಇಲ್ಲ. ನಮ್ಮ ಮುಂದೆಯೇ ಒಬ್ಬರು 30 ಅಡಿಯದನ್ನು ಎಳೆದುಕೊಂಡು ಹೋದರು. ಆದರೆ ಅನ್‌ಕಂಪಾಗ್ರಿ ಕಮರಿಯ ಅಂಚಿನಲ್ಲಿ ಬಹುಪಾಲು ತಡೆಗೋಡೆಯೇ ಇಲ್ಲದೆ ಸಾಗುವ ಆ ಹಾದಿಯಲ್ಲಿ, ಚಳಿಗಾಲದಲ್ಲಿ ಹಿಮವನ್ನು ಕಮರಿಗೆ ತಳ್ಳಲು ಅನುಕೂಲವಾಗಲೆಂದೂ ಗೋಡೆ ಬಿಟ್ಟಿರುವ ಆ ಹಾದಿಯಲ್ಲಿ, ದಕ್ಷಿಣಕ್ಕೆ ಹೋಗುವವರು ಪ್ರಪಾತದ ಕಡೆಗೇ ಇರುತ್ತಾರೆ, ಮತ್ತು ಎಂಟು ಅಡಿ ಅಗಲದ ಪೆಟ್ಟಿಗೆಯ ಹಿಂದಿನ ಚಕ್ರ ತಿರುವಿನಲ್ಲಿ ಪಿಕಪ್‌ನ ಜಾಡಿಗಿಂತ ಒಳಗೆ ಹಾಯುತ್ತದೆ. ಶಿಬಿರದಲ್ಲಿ ಮನೆಯನ್ನು ಬಿಟ್ಟು ಪಿಕಪ್‌ನಲ್ಲಿ ಮಾತ್ರ ಹೋಗಿ, 11,018 ಅಡಿಯ ರೆಡ್ ಮೌಂಟನ್ ಪಾಸ್ ಮೇಲೆ ನಿಂತು ಚಕ್ಕುಲಿ ತಿಂದು ಬಂದೆವು. ಸ್ವಂತ ಯಂತ್ರದಲ್ಲಿ ಓಡುವ ಮೋಟರ್‌ಹೋಮ್‌ಗಿಂತ ಟ್ರೇಲರ್ ಮೇಲೆಂದು ನಾನು ಹೇಳುವುದು ಈ ಒಂದು ಸೌಲಭ್ಯಕ್ಕಾಗಿಯೇ.

ಹಿಂದಿರುಗುವಾಗ ಕೊಲೊರಾಡೋದ ಅತಿ ದೊಡ್ಡ ಜಲಾಶಯವಾದ ಬ್ಲೂ ಮೇಸಾದ ದಂಡೆಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ 11,312 ಅಡಿಯ ಮೊನಾರ್ಕ್ ಪಾಸ್ ಏರಿದೆವು. ನಾವು ದಾಟಿದ ಘಟ್ಟಗಳಲ್ಲಿ ಇದೇ ಅತಿ ಎತ್ತರದ್ದು. ಐ-70ರಂತೆ ಇಲ್ಲಿ ರಸ್ತೆಯ ಪಕ್ಕದಲ್ಲಿ ಅಗಲವಾದ ಅಂಚುಗಳಿಲ್ಲ, ತಿರುವುಗಳು ಹೆಚ್ಚು, ಪೂರ್ವಕ್ಕೆ ಸಲೈಡಾದ ಕಡೆಗಿನ ಆರು ಪ್ರತಿಶತದ ಇಳಿಜಾರು ಉದ್ದವಾಗಿ ಮುಗಿಯದಂತೆ ಬರುತ್ತದೆ. ಮೇಲೆ ಹತ್ತು ನಿಮಿಷ ನಿಲ್ಲಿಸಿ, ಕೊಂಡಿಯ ಪಿನ್ನು, ಸರಪಳಿ, ಪ್ಲಗ್, ಕೇಬಲ್ಲುಗಳನ್ನು ಮುಟ್ಟಿ ನೋಡಿ ಇಳಿಯತೊಡಗಿದೆ. ಅರ್ಧ ದಾರಿಯಲ್ಲಿ ಕಂಟ್ರೋಲರಿನ ಪರದೆಯ ಮೇಲೆ ‘ಟ್ರೇಲರ್ ಸಂಪರ್ಕ ಕಡಿದಿದೆ’ ಎಂಬ ಸೂಚನೆ ಕ್ಷಣಮಾತ್ರ ಮಿಂಚಿ ಮಾಯವಾಯಿತು. ಎಂಜಿನ್ನಿನ ಗೇರೇ ವೇಗವನ್ನು ಹಿಡಿದಿದ್ದುದರಿಂದ ನಿಧಾನವಾಗಿ ಮುಂದಿನ ಅಗಲ ಜಾಗಕ್ಕೆ ಹೋಗಿ ನಿಲ್ಲಿಸಿ ನೋಡಿದರೆ, ಏಳು ಪಿನ್ನುಗಳ ಪ್ಲಗ್‌ನ ಮುಚ್ಚಳದ ಕೊಕ್ಕೆ ಸವೆದು ಹೋಗಿತ್ತು. ತಿರುವಿನಲ್ಲಿ ತಂತಿ ಜಗ್ಗಿದಾಗ ಪ್ಲಗ್ ಸ್ವಲ್ಪ ಹೊರಬರುತ್ತಿತ್ತು. ಆ ಪ್ಲಗ್ ಕಳಚಿದರೆ ಮೂರು ಟನ್ನಿನಷ್ಟು ತೂಕದ ಪೆಟ್ಟಿಗೆಗೆ ಬ್ರೇಕೇ ಇರುವುದಿಲ್ಲ. ಎರಡು ಪ್ಲಾಸ್ಟಿಕ್ ಬಿಗಿಪಟ್ಟಿಗಳಿಂದ ಕಟ್ಟಿ, ತಂತಿಗೆ ಒಂದಿಷ್ಟು ಸಡಿಲು ಕೊಟ್ಟು ಮುಂದುವರಿದೆ. ಎರಡು ಡಾಲರಿನ ಕೊಕ್ಕೆ ಅದು. ಅಂಗಡಿಯವರ ಪರಿಶೀಲನಾ ಪಟ್ಟಿಯಲ್ಲಿ ‘ವಿದ್ಯುತ್ ಸಂಪರ್ಕ’ ಎಂಬುದರ ಮುಂದೆ ಸರಿ ಗುರುತು ಹಾಕಿತ್ತು.

ಗಾಡಿಯನ್ನು ಒಪ್ಪಿಸಿದಾಗ ಮುಂಗಡದಿಂದ ಏನನ್ನೂ ಕಡಿಯದೆ ಮರುದಿನವೇ ಹಿಂದಿರುಗಿಸಿದರು, ಇದನ್ನು ಅವರ ಪರವಾಗಿ ಹೇಳಬೇಕು. ಕೊಕ್ಕೆಯನ್ನು ತೋರಿಸಿದಾಗ ವ್ಯವಸ್ಥಾಪಕಿ ಸ್ವತಃ ಬಂದು ನೋಡಿ, ಚಿತ್ರ ತೆಗೆದುಕೊಂಡು, ಒಂದು ದಿನದ ಬಾಡಿಗೆ 140 ಡಾಲರನ್ನು ಬಿಟ್ಟುಕೊಟ್ಟರು. ಕೊಂಡಿಯನ್ನು ಗ್ರಾಹಕರ ವಾಹನಕ್ಕೆ ಹೊಂದಿಸುವ ಕೆಲಸಕ್ಕೆ ಪ್ರತ್ಯೇಕ ಶುಲ್ಕವಿದೆಯೆಂದೂ, ಕೇಳಿದವರಿಗೆ ಮಾತ್ರ ಅದನ್ನು ಮಾಡಿಕೊಡುತ್ತೇವೆಂದೂ ಅವರೇ ಹೇಳಿದರು. ಬಾಡಿಗೆಯ ಕರಾರಿನ ಯಾವ ಪುಟದಲ್ಲೂ ಆ ಸೇವೆಯ ಉಲ್ಲೇಖವಿಲ್ಲ. ಟ್ರೇಲರ್‌ಗೆ ಐದರಲ್ಲಿ ನಾಲ್ಕು, ಕೊಂಡಿಗೆ ಸಾಧನವಾಗಿ ನಾಲ್ಕು, ಒಪ್ಪಿಸಿದ ರೀತಿಗೆ ಒಂದೂವರೆ. ಬರುವ ಸೆಪ್ಟೆಂಬರಿಗೆ ಅವರಲ್ಲೇ 19 ಅಡಿಯ ಟ್ರೇಲರನ್ನು ಕಾದಿರಿಸಿದ್ದೇನೆ, ನೀರಿನ ತೊಟ್ಟಿ ಅಚ್ಚಿನ ಮುಂದೆ ಇರುವಂಥದ್ದು. ಅದರ ಟೈರುಗಳ ಇಸವಿಯನ್ನೂ ಫೋನಿನಲ್ಲೇ ಓದಿಸಿ ಬರೆದುಕೊಂಡಿದ್ದೇನೆ.